ನಲವತ್ತಾರು ವರ್ಷ ಇಟ್ಟುಕೊಂಡ ನೀರುನಾಯಿ

ನನ್ನ ಗಂಟಲು ದೊಡ್ಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಆಡಿಕೊಳ್ಳಬಾರದು. ಹದಿನೆಂಟು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದೇನೆ. ಆ ಬೆಲ್ಟಿನ ಗಲಾಟೆಯ ಮೇಲೆ "ರಾಗಿನಾ, ಗೋಧಿನಾ?" ಅಂತ ಕೂಗಿ ಕೂಗಿ ಹೀಗಾಯಿತು ಅಂತ ನಾನು ಹೇಳುತ್ತೇನೆ. ಹುಟ್ಟಿದಾಗಲೇ ಹೀಗಿತ್ತು ಅಂತ ಅಮ್ಮ ಹೇಳುತ್ತಾಳೆ. ಏನಾದರಾಗಲಿ, ಭಾನುವಾರದ ನಡಿಗೆಯಲ್ಲಿ ಮಾತ್ರ ಈ ಶಿವಗಂಗಮ್ಮನ ಜಾಗ ಎಲ್ಲರಿಗಿಂತ ಹಿಂದೆ.

ನಮ್ಮೂರಿನಲ್ಲಿ ಭಾನುವಾರ ಬೆಳಗ್ಗೆ ಮನೆಯಲ್ಲಿ ಕೂರುವವರು ಕಡಿಮೆ. ಅಜ್ಜಿ ತಾತ ಮಕ್ಕಳು ಮರಿ ಎಲ್ಲ ಸೇರಿ, ಬುತ್ತಿ ಕಟ್ಟಿಕೊಂಡು, ಕೆಲವರು ಕೆರೆ ಕಡೆ, ಕೆಲವರು ಕುರುಚಲು ಕಾಡಿನ ಕಡೆ, ನಮ್ಮಂಥವರು ಹೊಳೆ ಕಡೆ ಹೊರಡುತ್ತೇವೆ. ನಮ್ಮೂರವರಿಗೆ ಯಾವ ಜಾತಿಯ ಕಾಡುಪ್ರಾಣಿಯೇ ಆಗಲಿ, ಹಕ್ಕಿಯೇ ಆಗಲಿ, ಒಬ್ಬೊಬ್ಬರಿಗೆ ಒಂದೇ ಸಲ ಕಾಣುವುದು. ಮಿಂಚುಳ್ಳಿ ಕಂಡಿತು ಅನ್ನಿ, ನಿಮ್ಮ ಕಣ್ಣು ಅದರ ಮೇಲಿರುವ ತನಕ ಅದು ನಿಮ್ಮದು. ರೆಪ್ಪೆ ಬಡಿಯಬಹುದು, ಪರವಾಗಿಲ್ಲ. ಮುಖ ತಿರುಗಿಸಿದಿರೋ, ಮುಗಿಯಿತು. ಆಮೇಲೆ ಮಿಂಚುಳ್ಳಿ ನಿಮ್ಮ ನೆತ್ತಿಯ ಮೇಲೇ ಬಂದು ಕೂತರೂ ಕೂಗು ಕೇಳುತ್ತದೆ, ರೆಕ್ಕೆಯ ಗಾಳಿ ಬಡಿಯುತ್ತದೆ, ಹಕ್ಕಿ ಮಾತ್ರ ಕಾಣುವುದಿಲ್ಲ. ಕಾಗೆ, ಗುಬ್ಬಿ, ಕೋಳಿ, ದನ, ಬೀದಿನಾಯಿಗಳಿಗೆ ಈ ಕಟ್ಟಳೆ ಇಲ್ಲ, ಅವು ಬೇಡವೆಂದರೂ ದಿನಾ ಕಾಣುತ್ತವೆ.

ಹಾಗಾಗಿ ನಮ್ಮ ನಡಿಗೆಗೆ ಅದರದೇ ರೀತಿ ರಿವಾಜು ಉಂಟು. ಪೊದೆಯಲ್ಲಿ ಸರಕ್ ಅಂದರೆ ಮುಂದಿರುವವರು ಪಿಸುದನಿಯಲ್ಲಿ "ಇಟ್ಟವರು ಯಾರು?" ಅಂತ ಕೇಳಬೇಕು. ಇಟ್ಟವರು ಅಂದರೆ ಆ ಪ್ರಾಣಿಯನ್ನು ಇನ್ನೂ ನೋಡದೆ ಉಳಿಸಿಕೊಂಡವರು. ಅವರಿಗೆ ಇವತ್ತು ನೋಡಬೇಕೆನಿಸಿದರೆ ನೋಡಬಹುದು, ಬೇಡವೆನಿಸಿದರೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳಬಹುದು. ನೋಡಿದವರು ಮಾತ್ರ, ನೋಡುತ್ತಿರುವಷ್ಟು ಹೊತ್ತೂ ಕಂಡದ್ದನ್ನು ಸಣ್ಣ ದನಿಯಲ್ಲಿ ಹೇಳುತ್ತಿರಬೇಕು, ಏಕೆಂದರೆ ಹಿಂದೆ ನಿಂತ ನಮ್ಮಂಥ ಕಂಡವರಿಗೆ, ಅಂದರೆ ಆಗಲೇ ನೋಡಿ ಮುಗಿಸಿದವರಿಗೆ, ಬೇರೆ ದಾರಿಯಿಲ್ಲ. ಇದರಿಂದ ನಮ್ಮೂರ ಮಕ್ಕಳ ಬಾಯಿ ಬಲು ಚುರುಕು. ನನ್ನ ಮಗಳು ಇಂಚರ ಆರು ವರ್ಷದವಳಿದ್ದಾಗ ಕೆಂಬೂತವನ್ನು ಕಂಡು, "ಇದ್ದಿಲಿನ ಥರ ಕಪ್ಪು ಹಕ್ಕಿ, ಇಟ್ಟಿಗೆ ಬಣ್ಣದ ಸ್ವೆಟರ್ ಹಾಕ್ಕೊಂಡಿದೆ, ಕಣ್ಣು ಕೆಂಪಗಿದೆ, ಪಾಪ ಜ್ವರ ಅನ್ಸುತ್ತೆ" ಅಂದಿದ್ದಳು. ನಾನು ಕೆಂಬೂತ ಕಂಡು ಮೂವತ್ತು ವರ್ಷವಾಗಿತ್ತು. ಅವಳು ಹೇಳಿದ ಮೇಲೆ ಅದು ಮತ್ತೆ ಕಣ್ಣ ಮುಂದೆ ಬಂತು.

ನಾನೋ, ಮೊಲ ಒಂದನ್ನು ಬಿಟ್ಟು ಎಲ್ಲವನ್ನೂ ಹತ್ತು ವರ್ಷದೊಳಗೆ ನೋಡಿ ಮುಗಿಸಿದವಳು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಇನ್ನೊಬ್ಬರದನ್ನೂ ಹಾಳು ಮಾಡಿದೆ. ಏಳು ವರ್ಷದವಳಿದ್ದಾಗ ಕೆರೆ ಏರಿಯ ಮೇಲೆ "ಅಯ್ಯಯ್ಯೋ ನವಿಲು!" ಅಂತ ಕಿರುಚಿದೆ. ಹನ್ನೊಂದು ಜನ ತಟ್ಟನೆ ತಿರುಗಿ ನೋಡಿ, ಮತ್ತೆ ನನ್ನನ್ನು ಬಯ್ಯಲು ಈ ಕಡೆ ತಿರುಗಿದರು. ಹನ್ನೊಂದು ಜನರ ನವಿಲು ಒಂದೇ ಕೂಗಿಗೆ ಹೋಯಿತು. ಅದರಲ್ಲಿ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಒಬ್ಬರು, ರಿಟೈರ್ ಆದಮೇಲೆ ನಿಧಾನವಾಗಿ ಕೂತು ನೋಡೋಣ ಅಂತ ನವಿಲನ್ನು ಇಟ್ಟುಕೊಂಡಿದ್ದವರು. ಇವತ್ತಿಗೂ ಅವರು ಗೋಧಿ ಬೀಸಿಸಲು ಬೇರೆ ಗಿರಣಿಗೆ ಹೋಗುತ್ತಾರೆ. ನೀರುನಾಯಿಯನ್ನಂತೂ ಎಂಟನೇ ವರ್ಷಕ್ಕೇ ನೋಡಿದೆ. ಅದು ನೀರಿನಿಂದ ತಲೆ ಎತ್ತಿತು, ನನಗೆ ಸೀನು ಬಂತು, ಮುಖ ತಿರುಗಿತು. ಅಷ್ಟೇ ನನ್ನ ನೀರುನಾಯಿ.

ನನ್ನ ಅಪ್ಪ ಅಮ್ಮ ಹಾಗಲ್ಲ. ಅಪ್ಪ ಮರಿಸಿದ್ದಪ್ಪ ಮೂವತ್ತೈದು ವರ್ಷ ಅಂಚೆ ಹಂಚಿದವನು, ಹೊಳೆಯ ಎರಡೂ ದಂಡೆಯ ಒಂದೊಂದು ಕಾಲುದಾರಿಯೂ ಅವನ ಪಾದಕ್ಕೆ ಗೊತ್ತು. ಅವನು ಮರಕುಟಿಗವನ್ನು ನೋಡಿದ್ದು ಒಂದು ಇಡೀ ಬೆಳಗ್ಗೆ. ಹೆಗಲ ಮೇಲೆ ಕಟ್ಟಿರುವೆ ಹತ್ತಿ ಕಚ್ಚುತ್ತಿದ್ದರೂ ಮುಖ ತಿರುಗಿಸಲಿಲ್ಲವಂತೆ. ಅಮ್ಮ ಹೊಂಬಾಳಮ್ಮ ಇನ್ನೂ ಒಂದು ಕೈ ಮೇಲು. ಮುಂಗುಸಿ ನೋಡುತ್ತ ನೋಡುತ್ತ ಅದರ ಹಿಂದೆಯೇ ಪಕ್ಕದೂರಿನ ತನಕ ನಡೆದು ಹೋದವಳು. ಇವರಿಬ್ಬರ ಬಗ್ಗೆ ಊರಿಗೆ ಊರೇ ಹೆಮ್ಮೆಪಡುತ್ತಿದ್ದುದು ಮಾತ್ರ ಅವರು ನೋಡದ ಒಂದು ಪ್ರಾಣಿಗಾಗಿ.

ನಮ್ಮಲ್ಲಿ ಧಾರೆಯಾದ ಮೇಲೆ ಹಿರಿಯರೊಬ್ಬರು ಗಂಡು ಹೆಣ್ಣನ್ನು ನಿಲ್ಲಿಸಿ, "ಇಬ್ಬರೂ ಇಟ್ಟಿರೋದು ಯಾವುದು?" ಅಂತ ಕೇಳುತ್ತಾರೆ. ಇಬ್ಬರೂ ನೋಡದ ಒಂದು ಪ್ರಾಣಿಯ ಹೆಸರು ಹೇಳಬೇಕು. ಅದನ್ನು ಗಂಡ ಹೆಂಡತಿ ಜೊತೆಯಾಗಿ ಕೂತು ನೋಡಬೇಕು. ಅದಕ್ಕೆ ಜೋಡಿನೋಟ ಅನ್ನುತ್ತೇವೆ. ಹೆಚ್ಚಿನವರದು ಮದುವೆಯಾದ ವರ್ಷದೊಳಗೆ ಮುಗಿಯುತ್ತದೆ, ನನ್ನದೂ ನಮ್ಮೆಜಮಾನರದೂ ಮೂರನೇ ದಿನಕ್ಕೇ ಮುಗಿಯಿತು, ಮೊಲ. ಅಪ್ಪ ಅಮ್ಮನದು ನೀರುನಾಯಿ. ನಲವತ್ತಾರು ವರ್ಷವಾದರೂ ಅವರು ಅದನ್ನು ನೋಡಿರಲಿಲ್ಲ.

ನೋಡಲು ಹೋಗುತ್ತಿರಲಿಲ್ಲ ಅಂತಲ್ಲ. ಪ್ರತಿ ಭಾನುವಾರ ಹೋಗುತ್ತಿದ್ದರು. ಹೊಳೆ ತಿರುಗುವಲ್ಲಿ ಹದಿನಾಲ್ಕು ಬಂಡೆ ದಾಟಿದರೆ ಒಂದು ಹಾಸುಬಂಡೆ. ಅದರ ಮೇಲೆ ಕೂತು ಕಾಯುವುದು. ನೀರುನಾಯಿಯ ಸಿಳ್ಳೆ ಕೇಳಿದ ಕೂಡಲೇ ಅಪ್ಪ, "ಇವತ್ತು ಬೇಡ ಹೊಂಬಾಳ, ನೋಡಿಬಿಟ್ರೆ ಮುಗಿದುಹೋಗುತ್ತೆ" ಅನ್ನುತ್ತಿದ್ದ. "ಆಯ್ತು ಬಿಡಿ" ಅಂತ ಅವಳು ಕಣ್ಣು ಮುಚ್ಚುತ್ತಿದ್ದಳು. ಅವನೂ ಮುಚ್ಚುತ್ತಿದ್ದ. ಆಮೇಲೆ ಅವಳ ಕೈ ಹಿಡಿದು ಆ ಹದಿನಾಲ್ಕೂ ಬಂಡೆಯನ್ನು, ಪಾಚಿ ಹಿಡಿದು ಜಾರುವ ಬಂಡೆಯನ್ನು, ಒಂದು ಕಡೆಯೂ ಎಡವದೆ ದಾಟಿಸಿ ದಡಕ್ಕೆ ತರುತ್ತಿದ್ದ. ಹಿಂದಿನಿಂದ ಬರುತ್ತಿದ್ದ ನನಗೆ ಕಾಣುತ್ತಿದ್ದುದು ಅವರಿಬ್ಬರ ಬೆನ್ನು ಮಾತ್ರ. ಕಣ್ಣು ಮುಚ್ಚಿಕೊಂಡೇ ಹೆಂಡತಿಯನ್ನು ದಾಟಿಸುತ್ತಾನಲ್ಲ, ಎಂಥ ಕಾಲು ಮಾರಾಯ ಅವನದು ಅಂತ ಊರವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಹೊಸದಾಗಿ ಮದುವೆಯಾದವರಿಗೆ ಅವರನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ನನಗೂ ಹೆಮ್ಮೆಯೇ.

ಈ ಸಲದ ಮಾಗಿಯಲ್ಲಿ ಒಂದು ದಿನ ಗಿರಣಿಯಲ್ಲಿ ಕರ್ರ್ ಅಂತ ಸದ್ದಾಗಿ ಬೀಸುಕಲ್ಲು ಕಚ್ಚಿಕೊಂಡಿತು. ಗೋಧಿಯಲ್ಲಿ ಕಲ್ಲು. ಜಗಲಿಯಲ್ಲಿ ಕೂತು ಕಾಳು ಆರಿಸುವುದು ಅಮ್ಮನ ಕೆಲಸ, ಅವಳು ಆರಿಸಿದ ಮೊರದಲ್ಲಿ ಸಾಸಿವೆಯಷ್ಟು ಕಲ್ಲೂ ಸಿಕ್ಕಿದ್ದಿಲ್ಲ. ನಾನು ಎಂದಿನಂತೆ ಕೂಗಾಡಿದೆ. ಅಮ್ಮ ಮೊರವನ್ನು ಕೆಳಗಿಟ್ಟು, "ಕಾಣಲಿಲ್ಲ ಕಣೆ ಗಂಗಿ" ಅಂದಳು. ಮರುದಿನವೇ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಎಡಗಣ್ಣು ಯಾವಾಗಲೋ ಹೋಗಿದೆಯಂತೆ, ಬಲಗಣ್ಣಿನ ನರ ಒಣಗುತ್ತಿದೆಯಂತೆ, ಹೆಚ್ಚೆಂದರೆ ಇನ್ನು ಮೂರು ತಿಂಗಳು. ಬಸ್ಸಿನಲ್ಲಿ ಬರುವಾಗ ನಾನು ಮೂಗು ಒರೆಸಿಕೊಳ್ಳುತ್ತಿದ್ದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು, "ಹಾಗಾದ್ರೆ ಈ ಭಾನುವಾರ ನೀರುನಾಯಿ ನೋಡಿಬಿಡೋಣ" ಅಂದಳು.

ಆ ಭಾನುವಾರ ಅಪ್ಪನಿಗೆ ಮಂಡಿನೋವು. ಅದರ ಮುಂದಿನ ಭಾನುವಾರ ಹೊಳೆಯಲ್ಲಿ ನೀರು ಜಾಸ್ತಿ. ಮೂರನೆಯ ಭಾನುವಾರ ತಲೆಭಾರ. ಅಮ್ಮ ಬುತ್ತಿಗೆ ಕಲಸಿದ ಅವಲಕ್ಕಿಯನ್ನು ನಮಗೇ ಬಡಿಸಿದಳು. ನನಗೆ ಉರಿದುಹೋಯಿತು. ಕರೆಂಟ್ ಹೋದರೆ ಹೊರತು ಗಿರಣಿ ನಿಲ್ಲಿಸದ ನಾನು, ಸೋಮವಾರ ನಡುಹಗಲಲ್ಲಿ ಸ್ವಿಚ್ ಆರಿಸಿ ಅಪ್ಪನ ಎದುರು ನಿಂತೆ.

"ಏನಾಗಿದೆ ಅಪ್ಪ ನಿನ್ನ ಮಂಡಿಗೆ? ಬೆಳಗ್ಗೆಯಿಂದ ನೀನು ಎರಡು ಸಲ ಪೇಟೆಗೆ ಹೋಗಿ ಬಂದೆ. ಅವಳ ಕಣ್ಣು ಹೋಗ್ತಾ ಇದೆ, ನೀನು ನೋಡಿದ್ರೆ ಸಬೂಬು ಹೇಳ್ಕೊಂಡು ಕೂತಿದ್ದೀಯಲ್ಲ! ನಲವತ್ತಾರು ವರ್ಷ ಕಾದವಳಿಗೆ ಇದೇನಾ ಕೊಡೋದು?"

ಅಪ್ಪ ರಾಗಿ ಮೂಟೆಯ ಮೇಲೆ ಕುಸಿದು ಕೂತ. ಮೀಸೆಯ ತುಂಬ ಹಿಟ್ಟು. "ಮೆತ್ತಗೆ ಮಾತಾಡೇ" ಅಂದ. ಆಮೇಲೆ ಅಂದ, "ನಾನು ಕಂಡವನು ಕಣೆ."

"ಏನನ್ನ?"

"ನೀರುನಾಯಿನ."

ಮದುವೆಗೆ ಹದಿನೈದು ದಿನ ಇತ್ತಂತೆ. ಅಂಚೆಚೀಲ ಹೊತ್ತು ಒಬ್ಬನೇ ಹೊಳೆ ದಾಟುತ್ತಿದ್ದನಂತೆ. ನೀರಿನಂಚಿನಲ್ಲಿ ನೆಂದ ಕೊರಡೊಂದು ಬಿದ್ದಿತ್ತು, ನೋಡುತ್ತಿದ್ದ ಹಾಗೇ ಕೊರಡು ಆಕಳಿಸಿತು. ಚೀಲದಲ್ಲಿ ತಂತಿ ಸುದ್ದಿ ಇತ್ತು, ಯಾರಿಗೋ ಅವಸರದ್ದು. ಎರಡು ಗಳಿಗೆ ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ ಮುಖ ತಿರುಗಿಸಿ ಹೊರಟುಬಂದನಂತೆ.

"ಧಾರೆ ಆದ್ಮೇಲೆ ಕೇಳಿದ್ರಲ್ಲ. ಅವಳು ತಲೆ ತಗ್ಗಿಸ್ಕೊಂಡೇ 'ನೀರುನಾಯಿ' ಅಂದ್ಳು. ಅದೆಷ್ಟು ಆಸೆ ಇತ್ತು ಅಂತೀಯ ಆ ದನಿಯಲ್ಲಿ. 'ನಾನು ಕಂಡುಬಿಟ್ಟಿದ್ದೀನಿ' ಅನ್ನೋಕೆ ನಾಲಿಗೆ ಏಳಲಿಲ್ಲ. ನಾನೂ ಇಟ್ಟಿದ್ದೀನಿ ಅಂದುಬಿಟ್ಟೆ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಇಷ್ಟು ದಿನ ಆಗೋಯ್ತು."

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಯ್ಯೋ ಅನ್ನಿಸಿತು. ನಮ್ಮೂರಿನಲ್ಲಿ ಜೋಡಿನೋಟದ ಸುಳ್ಳು ಸಣ್ಣ ಸುಳ್ಳಲ್ಲ. ಊರೆಲ್ಲ ಕೈಮುಗಿಯುತ್ತಿದ್ದ ಆ ಸಂಯಮ ಬರೀ ಹೆದರಿಕೆಯಾಗಿತ್ತೇ?

"ನೀನೇ ಕರ್ಕೊಂಡೋಗಿ ತೋರಿಸಿಬಿಡು ಗಂಗಿ. ಅವಳಾದ್ರೂ ನೋಡ್ಲಿ."

"ಜೋಡಿನೋಟಕ್ಕೆ ಮಗಳ ಜೊತೆ ಬರ್ತಾಳಾ ಅವಳು? ಸಾಯೋ ತನಕ ಬರಲ್ಲ. ನೀನೇ ಹೋಗ್ಬೇಕು."

"ಹೋದ್ರೆ ಗೊತ್ತಾಗಿಬಿಡುತ್ತಲ್ಲೇ. ಅದು ಒಂದು ಕಡೆ ಇರುತ್ತೆ, ನಾನು ಇನ್ನೊಂದು ಕಡೆ ನೋಡ್ತಿರ್ತೀನಿ. ಗಾಬರಿಯಾಗಿ ನನ್ನ ಕಡೆ ತಿರುಗಿದ್ಲು ಅಂದ್ರೆ? ಅವಳದ್ದೂ ಹೋಯ್ತು."

ಅದು ನಿಜವಾಗಿತ್ತು. ಒಂದೇ ಕಣ್ಣು, ಒಂದೇ ನೋಟ. ಗಂಡನ ಸುಳ್ಳು ತಿಳಿದು ಒಂದು ಸಲ ಅವನ ಕಡೆ ಕತ್ತು ತಿರುಗಿಸಿದರೆ ಸಾಕು, ಇಷ್ಟು ವರ್ಷ ಇಟ್ಟುಕೊಂಡದ್ದೆಲ್ಲ ನೀರುಪಾಲು.

ಕೊನೆಗೆ ಇಂಚರಳನ್ನು ಗುಟ್ಟಿಗೆ ಸೇರಿಸಿಕೊಂಡೆವು. ಒಂಬತ್ತು ವರ್ಷದ ಅವಳೂ ನೀರುನಾಯಿಯನ್ನು ಇಟ್ಟವಳು. ತಾತನ ಬೆನ್ನ ಹಿಂದೆ ಕೂರಬೇಕು, ನೀರುನಾಯಿ ಎಡಕ್ಕೆ ಹೋದರೆ ಎಡಹೆಗಲು ಒತ್ತಬೇಕು, ಬಲಕ್ಕೆ ಹೋದರೆ ಬಲಹೆಗಲು. ವಾರವಿಡೀ ಹಿತ್ತಲಿನಲ್ಲಿ ಅಭ್ಯಾಸ ನಡೆಯಿತು. ಅಪ್ಪ ಕಣ್ಣು ಮುಚ್ಚಿಕೊಂಡು ಕೂರುವುದು, ಇಂಚರ ಹೆಗಲು ಒತ್ತುವುದು, ಅಪ್ಪ ನಮ್ಮ ಹುಂಜ ಹೋದ ಕಡೆಗೆಲ್ಲ ಕತ್ತು ತಿರುಗಿಸುವುದು. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, "ಇದೇನು ಆಟ ರೀ, ಈ ವಯಸ್ಸಲ್ಲಿ?" ಅಂದಳು. "ಕತ್ತಿನ ವ್ಯಾಯಾಮ, ಡಾಕ್ಟ್ರು ಹೇಳಿದ್ದಾರೆ" ಅಂದ ಅಪ್ಪ. ಹುಂಜಕ್ಕೇ ನಾಚಿಕೆಯಾಗುವಂಥ ಸುಳ್ಳು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಯಜಮಾನರು ಗಿರಣಿಗೆ ಉಳಿದರು. ಎಂಥ ಬೆಳಗು ಅಂತೀರಿ! ಹೊಂಗೆಯ ಎಲೆಯ ತುದಿಯಲ್ಲೆಲ್ಲ ಇಬ್ಬನಿ, ಹೊಳೆಯ ಮೇಲೆ ತೆಳ್ಳಗೆ ಹಬೆ, ಎಲ್ಲಿಂದಲೋ ಮಡಿವಾಳ ಹಕ್ಕಿಯ ಸಿಳ್ಳೆ. ನಮ್ಮಲ್ಲಿ ಯಾರಿಗೂ ಆ ಹಕ್ಕಿ ಕಾಣುವಂತಿರಲಿಲ್ಲ, ಎಲ್ಲರೂ ನಿಂತು ಕೇಳಿದೆವು. ಗೀಜಗದ ಗೂಡುಗಳು ಜಾಲಿಮರದ ತುಂಬ ತೂಗುತ್ತಿದ್ದವು, ನನ್ನ ಕಣ್ಣಿಗೆ ಗೂಡಿಗೆ ಹುಲ್ಲೆಳೆಗಳು ತಾವೇ ಹಾರಿ ಬಂದು ತಾವೇ ನೇಯ್ದುಕೊಳ್ಳುತ್ತಿದ್ದವು. ಎಷ್ಟು ಸಲ ನೋಡಿದರೂ ಸಾಲದು ಅದು. ಅಮ್ಮ ಇಂಚರಳ ಹೆಗಲ ಮೇಲೆ ಕೈಯಿಟ್ಟುಕೊಂಡು, ಒಂದೊಂದು ಮರದ ಕೆಳಗೂ ನಿಂತು, ಕತ್ತೆತ್ತಿ ನೋಡುತ್ತ ನಡೆದಳು.

ಸುದ್ದಿ ಹೇಗೆ ಹಬ್ಬಿತ್ತೋ. ಮರಿಸಿದ್ದಪ್ಪ ಹೊಂಬಾಳಮ್ಮ ಇವತ್ತು ಕಣ್ಣು ತೆರೆಯುತ್ತಾರಂತೆ ಅಂತ ದಾರಿಯ ಪಕ್ಕ ಸಂಸಾರ ಸಂಸಾರವೇ ಸರಿದು ನಿಂತಿತ್ತು. ಎಲ್ಲರೂ ಕೈಮುಗಿದರು. ಅಪ್ಪ ತಲೆ ಎತ್ತಲಿಲ್ಲ. ಆ ಡ್ರಾಯಿಂಗ್ ಮೇಷ್ಟ್ರೂ ಇದ್ದರು, ನನ್ನನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟು ಕಣ್ಣರಳಿಸಿದರು.

ಹದಿನಾಲ್ಕು ಬಂಡೆ ದಾಟಿ ಹಾಸುಬಂಡೆಯ ಮೇಲೆ ಕೂತೆವು. ಮುಂದೆ ಅಪ್ಪ ಅಮ್ಮ, ಅಪ್ಪನ ಬೆನ್ನಿಗೆ ಇಂಚರ, ಪಕ್ಕಕ್ಕೆ ಸ್ವಲ್ಪ ಸರಿದು ನಾನು. ಎಷ್ಟು ಹೊತ್ತು ಕೂತೆವೋ. ಆಮೇಲೆ ಬಂತು ಸಿಳ್ಳೆ. ಅಭ್ಯಾಸಬಲ, ಇಬ್ಬರೂ ಕಣ್ಣು ಮುಚ್ಚಿಕೊಂಡರು. "ಬೇಡ ಹೊಂಬಾಳ" ಅನ್ನುವ ಮಾತು ಈ ಸಲ ಬರಲಿಲ್ಲ. "ತೆರೀರಿ" ಅಂದಳು ಅಮ್ಮ.

ನನಗೆ ಕಂಡದ್ದು ನೀರು ಮಾತ್ರ. ಯಾರೋ ಬೆರಳಿನಿಂದ ಗೆರೆ ಎಳೆದ ಹಾಗೆ ನೀರು ಸೀಳಿಕೊಂಡು ಎಡದಿಂದ ಬರುತ್ತಿತ್ತು. ಗೆರೆ ನಿಂತಿತು. ಒಂದು ಮೀನು ತಾನಾಗಿ ಗಾಳಿಯಲ್ಲಿ ಮೇಲೆದ್ದು, ತಲೆಯಿಂದ ಶುರುವಾಗಿ ಬಾಲದ ತನಕ ಸ್ವಲ್ಪ ಸ್ವಲ್ಪವೇ ಇಲ್ಲವಾಯಿತು. ಅಪ್ಪ ಆ ಗೆರೆಯನ್ನೂ ಮೀನನ್ನೂ ಹಿಡಿದು ಚೆನ್ನಾಗಿಯೇ ನೋಡುತ್ತಿದ್ದ. ಪರವಾಗಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಗೆರೆ ಮುಳುಗಿತು. ನೀರು ನಿಶ್ಚಲವಾಯಿತು. ಎಲ್ಲಿ ಹೋಯಿತು ಅಂತ ತಿಳಿಯದೆ ನಾನು ಇಂಚರಳ ಕೈ ನೋಡಿದೆ.

ಕೈ ಎಲ್ಲಿದೆ? ಎರಡೂ ಕೈ ಕೆಳಗೆ ಬಿದ್ದಿದ್ದವು. ಹುಡುಗಿ ಬಾಯಿ ತೆರೆದುಕೊಂಡು ಬಲದಂಡೆಯ ಕಡೆ ನೋಡುತ್ತಿದ್ದಳು. ತಾತನೂ ಇಲ್ಲ, ಹೆಗಲೂ ಇಲ್ಲ, ಹೇಳಬೇಕೆಂಬ ರಿವಾಜೂ ಇಲ್ಲ, ಎಲ್ಲ ಮರೆತಿದ್ದಳು. ಅವಳನ್ನು ಹೇಗೆ ಬಯ್ಯಲಿ, ಆ ಮುಖ ನೋಡಿದ್ದರೆ ನೀವೂ ಬಯ್ಯುತ್ತಿರಲಿಲ್ಲ. ಇತ್ತ ಅಪ್ಪ ಎಡಕ್ಕೆ, ಖಾಲಿ ನೀರನ್ನು, ದೇವರನ್ನು ಕಂಡವನ ಹಾಗೆ ಭಕ್ತಿಯಿಂದ ನೋಡುತ್ತ ಕೂತಿದ್ದ. ಬಲಕ್ಕೆ ಅಪ್ಪ, ಬಲಕ್ಕೆ ಅಂತ ಗಂಟಲಿನ ತನಕ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದೆ. ಜನ್ಮದಲ್ಲಿ ಮೊದಲ ಸಲ ನನ್ನ ಗಂಟಲು ನನ್ನ ಮಾತು ಕೇಳಿತು.

ಅಮ್ಮ ತಿರುಗಲಿಲ್ಲ. ಅವಳ ಬಲಗಣ್ಣು ಬಲದಂಡೆಯ ಮೇಲೇ ಇತ್ತು. ಮುಖ ಅಲುಗಿಸದೆ ಎಡಗೈ ಚಾಚಿ, ತಡವಿ, ಅಪ್ಪನ ಕೆನ್ನೆ ಹಿಡಿದು ಮೆಲ್ಲಗೆ ಬಲಕ್ಕೆ ತಿರುಗಿಸಿದಳು.

"ಅಲ್ಲಿಲ್ಲ ರೀ. ಇಲ್ಲಿ, ಮತ್ತಿಮರದ ಬೇರಿನ ಮೇಲೆ ಹತ್ತಿದೆ. ನಿಮಗೆ ಕಾಣಲ್ಲ ಅಂತ ನಂಗೊತ್ತು. ನಾನು ಹೇಳ್ತೀನಿ, ಕೇಳಿ."

ಅಪ್ಪ ಕತ್ತನ್ನು ಅವಳ ಕೈಗೆ ಬಿಟ್ಟುಕೊಟ್ಟ.

"ಮೈ ನೆಂದ ಕಂಬಳಿ ಹಾಗಿದೆ. ಕೊಡವಿಕೊಳ್ತು ನೋಡಿ, ಎಷ್ಟು ನೀರು! ಈಗ ಕೂದಲೆಲ್ಲ ಮುಳ್ಳು ಮುಳ್ಳು ನಿಂತಿದೆ. ಕತ್ತಿನ ಕೆಳಗೆ ಬಿಳಿ. ಮೀಸೆ ಥೇಟ್ ನಿಮ್ಮದೇ, ಹಿಟ್ಟು ಮಾತ್ರ ಹತ್ತಿಲ್ಲ. ಬಾಲ ಬುಡದಲ್ಲಿ ನನ್ನ ಮುಂಗೈಯಷ್ಟು ದಪ್ಪ ಇದೆ. ಅಯ್ಯೋ, ಮರಿಗಳು ರೀ! ಒಂದು, ಎರಡು, ಮೂರು. ಒಂದು ತಾಯಿ ಬಾಲ ಕಚ್ಚಿ ಎಳೀತಿದೆ. ಇನ್ನೊಂದಕ್ಕೆ ನೀರಿಗಿಳಿಯೋಕೆ ಭಯ, ಮುಂಗಾಲು ಅದ್ದುತ್ತೆ, ತೆಗೆಯುತ್ತೆ. ತಾಯಿ ಗದರಿಸ್ತಿದೆ, ನಮ್ಮ ಗಂಗಿ ಥರ. ಅದೋ ಕುತ್ತಿಗೆ ಹಿಡಿದು ನೀರಿಗೆ ಹಾಕೇಬಿಡ್ತು. ಈಜ್ತಿದೆ. ಈಜೋಕೆ ಬರುತ್ತೆ ರೀ ಅದಕ್ಕೆ, ಸುಮ್ನೆ ಹೆದರ್ಕೊಂಡಿತ್ತು."

ಬಿಸಿಲು ಮತ್ತಿಮರದ ತಲೆ ದಾಟಿ ಹೊಳೆಗೆ ಇಳಿಯುವ ತನಕ ಹೇಳಿದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಪ್ಪ ಅವಳ ಕೈಯನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದ. ಕೊನೆಗೆ ಒಂದು ಸಿಳ್ಳೆ ದೂರದ ತಿರುವಿನಲ್ಲಿ ಕೇಳಿಸಿತು. "ಹೋದವು" ಅಂದಳು ಅಮ್ಮ. ಆಗ ಮುಖ ತಿರುಗಿಸಿ ಅವನನ್ನು ನೋಡಿದಳು.

"ನಾನು ಕಂಡಿದ್ದು ಇಷ್ಟು ಚೆನ್ನಾಗಿರಲಿಲ್ಲ ಹೊಂಬಾಳ" ಅಂದ ಅಪ್ಪ. "ಯಾವಾಗಿಂದ ಗೊತ್ತು ನಿಂಗೆ?"

"ಮೊದಲನೇ ಭಾನುವಾರದಿಂದ. ಇಬ್ರೂ ಕಣ್ಣು ಮುಚ್ಕೊಂಡೇ ದಾಟಿದ್ವಿ ಅಂದ್ರಲ್ಲ ನೀವು. ಹದಿನಾಲ್ಕು ಬಂಡೆ ರೀ, ಅಷ್ಟು ಪಾಚಿ. ನನ್ನ ಒಂದು ಕಾಲೂ ಜಾರದ ಹಾಗೆ ದಾಟಿಸಿದ್ರಿ. ಕಣ್ಣು ಬಿಟ್ಕೊಂಡಿರದೆ ಆಗುತ್ತಾ ಅದು? ಇಟ್ಟವರು ಅಲ್ಲಿ ಕಣ್ಣು ಬಿಡ್ತಾರಾ? ಊರವರಿಗೆ ಬುದ್ಧಿಯಿಲ್ಲ, ನಂಗೂ ಇಲ್ಲ ಅಂದ್ಕೊಂಡ್ರಾ?"

"ಮತ್ತೆ ಯಾಕೆ ಒಂದು ಮಾತೂ ಕೇಳಲಿಲ್ಲ?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಗೊತ್ತಿರುವ ಹಾಗೆ ಅವಳು ನಾಚಿಕೊಂಡದ್ದು ಅದೊಂದೇ ಸಲ.

"ಕೇಳಿದ್ರೆ ಮಾರನೇ ಭಾನುವಾರದಿಂದ ಕೈ ಹಿಡಿದು ದಾಟಿಸ್ತಿದ್ರಾ?"

ಅಲ್ಲಿಯ ತನಕ ಕಚ್ಚಿ ಹಿಡಿದಿದ್ದ ಸೆರಗು ನನ್ನ ಬಾಯಿಂದ ಜಾರಿತು. ಗೊಳೋ ಅಂತ ಅತ್ತುಬಿಟ್ಟೆ. ನನಗೆ ಕಾಣದ ಹಕ್ಕಿಗಳೆಲ್ಲ ಮತ್ತಿಮರದಿಂದ ಬುರ್ರನೆ ಎದ್ದು ಹೋದವು, ಎಲೆಗಳು ಸುರಿದವು, ದಡದಲ್ಲಿದ್ದ ಮೇಷ್ಟ್ರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಇಂಚರ ಈಗ ಎಚ್ಚರಗೊಂಡವಳಂತೆ, "ತಾತ, ಬಲಕ್ಕೆ!" ಅಂತ ಅಪ್ಪನ ಬಲಹೆಗಲು ಒತ್ತಿದಳು.

ಹೊರಡುವ ಹೊತ್ತಾಯಿತು. ಅಪ್ಪ ಮೊದಲ ಬಂಡೆಯ ಮೇಲೆ ಕಾಲಿಟ್ಟು ಹಿಂದೆ ತಿರುಗಿ ನಿಂತ. ಅಮ್ಮ ಇನ್ನು ಕಣ್ಣು ಮುಚ್ಚಬೇಕಾಗಿರಲಿಲ್ಲ, ನೀರುನಾಯಿಯನ್ನು ಕಂಡಾಗಿತ್ತು. ಉಳಿದಿದ್ದ ಆ ಒಂದು ಕಣ್ಣಿನಿಂದ ಅವನ ಮುಖವನ್ನು ಇನ್ನೊಂದು ಸಲ ನೋಡಿದಳು. ಆಮೇಲೆ ಎಂದಿನ ಹಾಗೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಕೈ ಚಾಚಿ, "ದಾಟಿಸಿ" ಅಂದಳು.